ಮಾತು ಕೇಳುವ ಅಡುಗೆಮನೆ ಬೇಕೇ?

ಈ ತಿಂಗಳು ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದವು: ಬಾಯಲ್ಲಿ ಹೇಳಿದರೆ ನಡೆಯುವ ಮನೆ ಸಾಮಾನು. ಹಾಗಾಗಿ ಕುಕ್ಕರ್ ಗ್ಯಾಸ್ಕೆಟ್, ಗ್ರೈಂಡರ್ ಬೆಲ್ಟ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ: ಶಿವಮೊಗ್ಗದಲ್ಲಿ ಮಿಕ್ಸಿ, ಗ್ರೈಂಡರ್, ಇಂಡಕ್ಷನ್ ಒಲೆ ರಿಪೇರಿ ಮಾಡುವವಳು ನಾನು. ಅಂಗಡಿ ಮಾವನವರು ತೆರೆದದ್ದು, 19 ವರ್ಷದಿಂದ ನಾನು ನಡೆಸುತ್ತಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ಬೆಂಗಳೂರಿನಲ್ಲಿರುವ ಮಗ ನಮ್ಮ ಅಡುಗೆಮನೆ ಹೊಸದು ಮಾಡಿಸಿಕೊಡುತ್ತಿದ್ದಾನೆ. ಬಾಯಲ್ಲಿ ಹೇಳಿದರೆ ನಡೆಯುವ ಚಿಮ್ನಿ, ಮೈಕ್ರೊವೇವ್, ಸ್ಮಾರ್ಟ್ ಪ್ಲಗ್ (ಮಾತಿಗೆ ಕರೆಂಟ್ ಕೊಟ್ಟು ತೆಗೆಯುವ ಪ್ಲಗ್), ಸ್ಪೀಕರ್ (ನಾವು ಹೇಳಿದ್ದು ಕೇಳಿಸಿಕೊಂಡು ಇವನ್ನೆಲ್ಲ ನಡೆಸುವ ಡಬ್ಬಿ) ಎಲ್ಲ ಸೇರಿ 75 ಸಾವಿರದ ಪಟ್ಟಿ ಕಳಿಸಿದ್ದಾನೆ. ‘ಅಮ್ಮ, ನೀನು ಕೂತಲ್ಲಿಂದ ಹೇಳಿದರೆ ಸಾಕು’ ಅನ್ನುತ್ತಾನೆ. ನಾನು ಅಡುಗೆ ಮಾಡುವಾಗ ಕೂರುವುದೇ ಇಲ್ಲ. ಹಾಗಂತ ಅವನ ಮನಸ್ಸು ನೋಯಿಸುವುದಕ್ಕೂ ಇಷ್ಟವಿಲ್ಲ. ಇದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಯಾವುದು?
— ಓದುಗರು, ಸಾಗರ

ಉತ್ತರ: ಮಗ ಪ್ರೀತಿಯಿಂದ ಮಾಡಿಸುತ್ತಿದ್ದಾನೆ, ಪೂರ್ತಿ ಬೇಡ ಅನ್ನಬೇಡಿ. ಆ 75 ಸಾವಿರದಲ್ಲಿ ಆರೇಳು ಸಾವಿರದ ಸಾಮಾನು ನಿಮಗೆ ದಿನಾ ಬೇಕಾಗುತ್ತದೆ. ಮಾತಿಗೆ ನಡೆಯುವ ಉಳಿದದ್ದು ಬೇಡ. ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ, ನಿಮಗೇ ಗೊತ್ತಾಗುತ್ತದೆ.

ನಮ್ಮ ಅತ್ತೆಗೆ ಈಗ 79. ಗ್ಲಾಕೋಮಾದಿಂದ ಎಡಗಣ್ಣು ಹೋಗಿದೆ. ಬಲಗಣ್ಣಿಗೆ ನೇರ ಎದುರಿಗೆ ಇರುವುದಷ್ಟೇ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಆದರೂ ಬೆಳಗಿನ ಡಿಕಾಕ್ಷನ್ ಅವರೇ ಹಾಕಬೇಕು, ಇನ್ನೊಬ್ಬರು ಹಾಕಿದರೆ ಕಾಫಿ ಮುಟ್ಟುವುದಿಲ್ಲ. ಎರಡೂವರೆ ವರ್ಷದ ಹಿಂದೆ ಅವರಿಗೆ ಅನುಕೂಲವಾಗಲಿ ಅಂತ ಒಂದು ಸ್ಪೀಕರ್, ಮೂರು ಸ್ಮಾರ್ಟ್ ಪ್ಲಗ್, ಎರಡು ಬಲ್ಬ್ ತಂದೆ. ಅವುಗಳ ಒಳಗೆ ಏನಿದೆ ಅಂತ ಬಿಚ್ಚಿ ನೋಡುವ ಆಸೆಯೂ ಇತ್ತು.

ಇಂದಿಗೂ ದಿನಾ ಬಳಕೆಯಲ್ಲಿ ಉಳಿದಿರುವುದು ಮೂರು ಕೆಲಸ. ಮೊದಲನೆಯದು ಟೈಮರ್. ಅಕ್ಕಿ ರೊಟ್ಟಿ ತಟ್ಟುವಾಗ ಎರಡೂ ಕೈಗೆ ಮಣಿಕಟ್ಟಿನವರೆಗೆ ಹಿಟ್ಟು ಮೆತ್ತಿರುತ್ತದೆ. ಪಕ್ಕದ ಒಲೆಯಲ್ಲಿ ಕುಕ್ಕರ್ ಎರಡು ಕೂಗು ಕೂಗಿದೆ, ಉರಿ ಸಣ್ಣ ಮಾಡಿದ್ದೇನೆ, ಇನ್ನು ಹತ್ತು ನಿಮಿಷಕ್ಕೆ ಆರಿಸಬೇಕು. ಮೊದಲಾದರೆ ಗಡಿಯಾರ ನೋಡಿ ಲೆಕ್ಕ ಇಟ್ಟುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂದರೆ ಲೆಕ್ಕ ತಪ್ಪಿ ಬೇಳೆ ತಳ ಹಿಡಿಯುತ್ತಿತ್ತು. ಈಗ ರೊಟ್ಟಿ ತಟ್ಟುತ್ತಲೇ ಹತ್ತು ನಿಮಿಷ ಅಂತ ಹೇಳುತ್ತೇನೆ. ಒಂದೊಂದು ಸಲ ಮೂರು ಟೈಮರ್ ಒಟ್ಟಿಗೆ ಓಡುತ್ತಿರುತ್ತವೆ, ಒಂದೊಂದಕ್ಕೂ ಹೆಸರು ಕೊಡಬಹುದು. ಹಾಲಿಗೆ ಮಾತ್ರ ಟೈಮರ್ ನಂಬಬೇಡಿ. ಸಿಲಿಂಡರ್ ಮುಗಿಯುತ್ತಾ ಬಂದ ಹಾಗೆ ಉರಿ ಬೇರೆ, ಪಾತ್ರೆ ಬೇರೆಯಾದರೆ ಹೊತ್ತು ಬೇರೆ, ಹಾಲು ನಿಮ್ಮ ಟೈಮರಿಗೆ ಕಾಯುವುದಿಲ್ಲ.

ಎರಡನೆಯದು ಅತ್ತೆಯ ಕಣ್ಣಿನ ಹನಿ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಹಾಕಬೇಕು, ತಪ್ಪಬಾರದು. ಸ್ಪೀಕರ್ ಬೇರೆ ಭಾಷೆಯಲ್ಲಿ ಏನೋ ಹೇಳುತ್ತದೆ, ಅತ್ತೆಗೆ ಅದು ಬೇಕಿಲ್ಲ. ಶುರುವಿನಲ್ಲಿ ಬರುವ ‘ಟಿಂಗ್’ ಸದ್ದು ಅವರಿಗೆ ಗುರುತಾಗಿದೆ. ಟಿಂಗ್ ಅಂದ ಕೂಡಲೇ ಕತ್ತು ಹಿಂದಕ್ಕೆ ಹಾಕಿ ಕೂರುತ್ತಾರೆ, ಮನೆಯಲ್ಲಿ ಯಾರಿದ್ದರೂ ಹೋಗಿ ಹನಿ ಬಿಡುತ್ತೇವೆ. ನನ್ನ ಮಟ್ಟಿಗೆ ಆ ಸ್ಪೀಕರಿನ ಬೆಲೆ ಇದೊಂದರಲ್ಲೇ ವಸೂಲಾಗಿದೆ.

ಮೂರನೆಯದು ದೀಪ. ಬೆಳಗ್ಗೆ ಐದೂವರೆಗೆ ಗೋಡೆ ತಡಕಿ ಸ್ವಿಚ್ ಹುಡುಕುವುದು ತಪ್ಪಿದೆ. ಅತ್ತೆ ಒಮ್ಮೆ ಹಾಗೆ ತಡಕುವಾಗ ಕೈ ತಗುಲಿ ಶೆಲ್ಫಿನ ಮೇಲಿದ್ದ ತುಪ್ಪದ ಜಾಡಿ ಕಾಲ ಮೇಲೆ ಬಿದ್ದಿತ್ತು.

ಇನ್ನು ಒಲೆಯ ಮಾತು. ನಿಮ್ಮದು ಗ್ಯಾಸ್ ಒಲೆ. ಅದರ ಗುಂಡಿ ತಿರುಗಿಸುವುದು ಯಾವ ಸ್ಪೀಕರಿನ ಕೈಯಲ್ಲೂ ಇಲ್ಲ. ಅಂದರೆ ಅಡುಗೆಮನೆಯ ಮುಖ್ಯ ಕೆಲಸವೇ ಮಾತಿಗೆ ಹೊರಗೆ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಚಟಪಟ ಅನ್ನುವುದು ನಿಂತ ಆ ಗಳಿಗೆಯಲ್ಲಿ ಇಂಗು, ಕರಿಬೇವು ಬೀಳಬೇಕು, ಉರಿ ಆರಬೇಕು. ಸ್ಪೀಕರಿಗೆ ಹೆಸರು ಹಿಡಿದು ಕರೆದು, ಅದು ಕೇಳಿಸಿಕೊಂಡು, ಇಂಟರ್ನೆಟ್ಟಿಗೆ ಹೋಗಿ ಬಂದು ‘ಓಕೆ’ ಅನ್ನುವ ಹೊತ್ತಿಗೆ ಮೆಣಸಿನಕಾಯಿ ಕರಿಕಾಗಿರುತ್ತದೆ.

ಮೈಕ್ರೊವೇವ್ ಬಗ್ಗೆ: 2018ರಲ್ಲಿ ಅಮೆಜಾನ್ ಅಮೆರಿಕದಲ್ಲಿ 60 ಡಾಲರಿನ ಒಂದು ಮೈಕ್ರೊವೇವ್ ತಂದಿತು. ಮಾತಿಗೆ ನಡೆಯುತ್ತದೆ ಅಂತ ಅದರ ಹೆಸರು, ಆದರೆ ಅದರಲ್ಲಿ ಮೈಕೇ ಇರಲಿಲ್ಲ. ಕೇಳಿಸಿಕೊಳ್ಳಲು ಪಕ್ಕದಲ್ಲಿ ಬೇರೆ ಸ್ಪೀಕರ್ ಇರಬೇಕಿತ್ತು. ನಿಮ್ಮ ಪಟ್ಟಿಯಲ್ಲಿರುವುದೂ ಅಂಥದ್ದೇ ಇರಬಹುದು, ಮಗನಿಗೆ ಕೇಳಿ ನೋಡಿ. ಏನೇ ಇದ್ದರೂ ಬಾಗಿಲು ತೆಗೆದು ಪಾತ್ರೆ ಇಡುವುದು ನೀವೇ. ಅಲ್ಲಿವರೆಗೆ ಕೈ ಹೋದ ಮೇಲೆ ಗುಂಡಿ ಒತ್ತುವುದು ಏನು ಕಷ್ಟ? ಕಷ್ಟ ಇರುವುದು ಆ ಗುಂಡಿಯಲ್ಲೇ. ಈಗ ಬರುವ ಮೈಕ್ರೊವೇವ್, ಇಂಡಕ್ಷನ್ ಒಲೆ ಎಲ್ಲದರ ಮುಖ ನುಣ್ಣಗೆ, ಗಾಜಿನ ಹಾಗೆ. ಬೆರಳಿಗೆ ಏನೂ ಸಿಕ್ಕುವುದಿಲ್ಲ. ನಮ್ಮ ಅತ್ತೆ ಹಾಲು ಬಿಸಿ ಮಾಡಲು ಹೋಗಿ ಗ್ರಿಲ್ ಒತ್ತಿ, ಪ್ಲಾಸ್ಟಿಕ್ ಲೋಟ ಕರಗಿಸಿದ್ದರು. ಆವತ್ತು ಸಂಜೆ ಅವರು ಅಡುಗೆಮನೆಗೇ ಬರಲಿಲ್ಲ.

ಅದಕ್ಕೆ ನಾನು ಕಂಡುಕೊಂಡ ದಾರಿ ಎಂ-ಸೀಲ್. ಎರಡು ತುಂಡು ಕಲಸಿ, ಸಾಸಿವೆ ಕಾಳಿನಷ್ಟು ಉಂಡೆ ಮಾಡಿ, ‘ಸ್ಟಾರ್ಟ್’ ಗುರುತಿನ ಪಕ್ಕ ಒಂದು, ‘ಸ್ಟಾಪ್’ ಪಕ್ಕ ಎರಡು ಅಂಟಿಸಿದೆ. ಸ್ಪರ್ಶಕ್ಕೆ ನಡೆಯುವ ಗುಂಡಿಯಾದರೆ ಸರಿಯಾಗಿ ಅದರ ಮೇಲೆ ಅಂಟಿಸಬಾರದು, ಪಕ್ಕದಲ್ಲೇ ಇಡಬೇಕು. ಒಂದು ರಾತ್ರಿ ಗಟ್ಟಿಯಾಗಲು ಬಿಟ್ಟೆ. ಮರುದಿನ ಅತ್ತೆ ಬೆರಳಾಡಿಸಿ, ‘ಇದು ಹಚ್ಚೂದು, ಇದು ಆರಿಸೂದು’ ಅಂದರು. ಅಂದಿನಿಂದ ಒಂದು ಸಲವೂ ತಪ್ಪಿಲ್ಲ. ಖರ್ಚು ಮೂವತ್ತು ರೂಪಾಯಿಯ ಒಳಗೆ.

ಚಿಮ್ನಿ ತೆಗೆದುಕೊಳ್ಳಿ, ಹುರಿಯುವ ಕರಿಯುವ ಮನೆಗೆ ಬೇಕು. ಆದರೆ ಒತ್ತುವ ಗುಂಡಿಯದು ತೆಗೆದುಕೊಳ್ಳಿ. ಮಾತಿಗೆ ನಡೆಯುವ ಚಿಮ್ನಿ ಒಂದನೇ ಸ್ಪೀಡಿನಲ್ಲಿರುವಾಗ ಹೇಳಿದ್ದು ಕೇಳಿಸಿಕೊಳ್ಳುತ್ತದೆ. ಮೂರನೆಯದಕ್ಕೆ ಹೋದರೆ ಅದರ ಸದ್ದೇ ಅದಕ್ಕೆ ಅಡ್ಡ, ಆಫ್ ಮಾಡಲು ನೀವು ಕಿರುಚಬೇಕು. ರಿಪೇರಿಗೆ ಕರೆದ ಮನೆಗಳಲ್ಲಿ ನಾನು ನೋಡಿದ್ದು ಏನೆಂದರೆ ಮೋಟಾರ್ ಗಟ್ಟಿಯಾಗೇ ಇರುತ್ತದೆ, ಎಣ್ಣೆ ಹಬೆ ಕುಡಿದು ಕುಡಿದು ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟಿರುತ್ತದೆ. ಗುಂಡಿ ಚಿಮ್ನಿಯ ಸ್ವಿಚ್ ಬದಲಿಸಲು ಕೆಲವು ನೂರು. ಬೋರ್ಡ್ ಬದಲಿಸಲು ಸಾವಿರಗಳಲ್ಲಿ ಮಾತು, ಅದೂ ಆ ಮಾಡೆಲ್ ಇನ್ನೂ ಬರುತ್ತಿದ್ದರೆ.

ನಿಮ್ಮ ಊರು ಸಾಗರ, ಮಳೆಗಾಲ ಹೇಗಿರುತ್ತದೆ ಅಂತ ನನಗೆ ನೀವು ಹೇಳಬೇಕಿಲ್ಲ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಇವು ಯಾವುವೂ ಮಾತು ಕೇಳುವುದಿಲ್ಲ. ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಇಂಥ ಬಲ್ಬುಗಳು ಕರೆಂಟ್ ಬಂದ ಕೂಡಲೇ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ನಡುರಾತ್ರಿ ಎರಡು ಗಂಟೆಗೆ ಅಡುಗೆಮನೆ ಝಗ್ ಅಂದಾಗ ನಮ್ಮ ಮನೆಯವರು ಕಳ್ಳ ಬಂದ ಅಂತ ದೊಣ್ಣೆ ಹಿಡಿದಿದ್ದರು. ಹಲವು ಬಲ್ಬುಗಳಲ್ಲಿ ಹಾಗಾಗದಂತೆ ಆ್ಯಪಿನಲ್ಲಿ ಬದಲಿಸಿಕೊಳ್ಳಬಹುದು, ಮಗನಿಗೆ ಹೇಳಿ ಮೊದಲೇ ಮಾಡಿಸಿ.

ಸಾಮಾನು ನಿಮ್ಮದು, ಅದರ ಬುದ್ಧಿ ಇರುವುದು ಕಂಪನಿಯ ಸರ್ವರಿನಲ್ಲಿ, ಅಂದರೆ ದೂರದಲ್ಲೆಲ್ಲೋ ಇರುವ ಅವರ ಕಂಪ್ಯೂಟರಿನಲ್ಲಿ. 2022ರ ಏಪ್ರಿಲಿನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಅನ್ನುವ ಕಂಪನಿ ಒಂದು ಮಾತೂ ಹೇಳದೆ ಸರ್ವರ್ ನಿಲ್ಲಿಸಿತು. ಆ್ಯಪು ನಂಬಿಕೊಂಡಿದ್ದವರ ದೀಪ, ಫ್ಯಾನು ಫೋನಿಗೆ ಓಗೊಡುವುದನ್ನೇ ಬಿಟ್ಟವು. ಆಮೇಲೆ ಗಿರಾಕಿಗಳೇ ಒಂದಷ್ಟು ಜನ ಸೇರಿ ಕಂಪನಿ ಕೊಂಡು ಮತ್ತೆ ನಡೆಸಿದರು, ಅದು ಬೇರೆ ಮಾತು. ನಮ್ಮ ಅಂಗಡಿಗೆ ಈಗಲೂ ಮೂವತ್ತು ವರ್ಷದ ಮಿಕ್ಸಿ ಬರುತ್ತದೆ. ಕಾರ್ಬನ್ ಬ್ರಷ್ ಬದಲಿಸಿ, ಬೇರಿಂಗ್ ಹಾಕಿ ಕಳಿಸುತ್ತೇನೆ, ಇನ್ನೂ ಹತ್ತು ವರ್ಷ ಓಡುತ್ತದೆ. ಸರ್ವರ್ ನಿಂತ ಸಾಮಾನನ್ನು ನನ್ನ ಹತ್ತಿರ ತಂದರೆ ನಾನು ಏನು ಮಾಡಲಿ?

ಗೋಡೆ ಒಡೆದಿರುವಾಗಲೇ ಮಾಡಿಸಬೇಕಾದ ಕೆಲಸ ಮಾತ್ರ ಮರೆಯಬೇಡಿ. ಎಲ್ಲ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ತಂತಿ, ಅಂದರೆ ಕರೆಂಟ್ ಹಿಂದಿರುಗುವ ತಂತಿ ಎಳೆಸಿ. ಕಟ್ಟೆಯ ಮೇಲೆ 16 ಆಂಪಿಯರಿನ ಸಾಕೆಟ್ ಕನಿಷ್ಠ ಮೂರು, ದಪ್ಪ ತಂತಿಯಲ್ಲಿ, ಸಿಂಕಿನಿಂದ ದೂರ. ಮುಂದೆ ಹತ್ತು ವರ್ಷಕ್ಕೆ ನಿಮಗೆ ಮಾತಿಗೆ ನಡೆಯುವ ಸ್ವಿಚ್ ಬೇಕು ಅನ್ನಿಸಿದರೆ ಗೋಡೆ ಮತ್ತೆ ಒಡೆಯುವುದು ಬೇಡ. ಆ 75 ಸಾವಿರದಲ್ಲಿ ಮೊದಲು ಇದಕ್ಕೆ ತೆಗೆದಿಡಿ.

ಪ್ರಶ್ನೆ: 10 ಆಂಪಿಯರಿನ ಸ್ಮಾರ್ಟ್ ಪ್ಲಗ್ ತಂದು ಇಂಡಕ್ಷನ್ ಒಲೆಗೆ ಹಾಕಿದೆ. ‘ಆನ್’ ಅಂದರೆ ಪ್ಲಗ್ ಟಕ್ ಅನ್ನುತ್ತದೆ, ಒಲೆಯಲ್ಲಿ ಕೆಂಪು ದೀಪ ಮಿಣುಕುತ್ತದೆ, ಬಿಸಿಯಾಗುವುದಿಲ್ಲ. ಒಲೆ ಹಾಳೋ, ಪ್ಲಗ್ ಹಾಳೋ?
— ಓದುಗರು, ದಾವಣಗೆರೆ

ಉತ್ತರ: ಎರಡೂ ಸರಿಯಾಗಿವೆ. ಪ್ಲಗ್ ಮಾಡುವುದು ಕರೆಂಟ್ ಕೊಡುವುದು, ತೆಗೆಯುವುದು, ಅಷ್ಟೇ. ಇಂಡಕ್ಷನ್ ಒಲೆ ಕರೆಂಟ್ ಬಂದ ಕೂಡಲೇ ಉರಿಯಬಾರದು, ನೀವು ಬೆರಳಿಟ್ಟು ಶುರು ಮಾಡಿದರೆ ಮಾತ್ರ ಉರಿಯಬೇಕು ಅಂತಲೇ ಅದನ್ನು ಮಾಡಿರುವುದು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಒಲೆ ಹತ್ತಿಕೊಳ್ಳುತ್ತಿತ್ತು. ಟಚ್ ಗುಂಡಿಯ ಮೈಕ್ರೊವೇವ್ ಕಥೆಯೂ ಇದೇ.

ದಯವಿಟ್ಟು ಆಫ್ ಮಾಡಲಿಕ್ಕೂ ಆ ಪ್ಲಗ್ ಬಳಸಬೇಡಿ. ಅಡುಗೆ ಮುಗಿದ ಮೇಲೂ ಇಂಡಕ್ಷನ್ ಒಲೆಯ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಕೇಳಿಸಿಕೊಂಡಿರುತ್ತೀರಿ. ಕಾಯಿಲ್ ಮತ್ತು ಅದನ್ನು ನಡೆಸುವ ಐಜಿಬಿಟಿ ಅನ್ನುವ ಬಿಡಿಭಾಗವನ್ನು ಅದು ತಣಿಸುತ್ತಿರುತ್ತದೆ. ನಡುವೆ ಪ್ಲಗ್ಗಿನಲ್ಲಿ ಕರೆಂಟ್ ಕಿತ್ತರೆ ಫ್ಯಾನೂ ನಿಲ್ಲುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ನನ್ನ ಅಂಗಡಿಗೆ ಬರುವ ಇಂಡಕ್ಷನ್ ಒಲೆಗಳಲ್ಲಿ ಹೆಚ್ಚಿನವು ಐಜಿಬಿಟಿ ಸುಟ್ಟೇ ಬರುವುದು.

ಒಲೆ 2000 ವಾಟಿನದಾದರೆ 230 ವೋಲ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 10ರ ಒಳಗೇ ಇದೆಯಲ್ಲ ಅನ್ನಬಹುದು. ಕಾಗದದ ಮೇಲೆ ಸರಿ. ಅರ್ಧ ಗಂಟೆ ಅಷ್ಟು ಎಳೆದರೆ ಪ್ಲಗ್ಗಿನ ಒಳಗಿನ ರಿಲೇ, ಅಂದರೆ ಕರೆಂಟ್ ಹಾಕಿ ತೆಗೆಯುವ ಪುಟ್ಟ ಸ್ವಿಚ್, ಬಿಸಿಯಾಗುತ್ತದೆ. ಕಾದು ಕಾದು ಅದರ ಎರಡು ಲೋಹದ ಚುಕ್ಕೆ ಒಂದಕ್ಕೊಂದು ಬೆಸೆದುಕೊಂಡರೆ, ನೀವು ‘ಆಫ್’ ಅಂದಾಗ ಅದು ‘ಓಕೆ’ ಅನ್ನುತ್ತದೆ, ಕರೆಂಟ್ ಮಾತ್ರ ಹರಿಯುತ್ತಲೇ ಇರುತ್ತದೆ. ಅಂಥ ಒಂದು ಪ್ಲಗ್ ಬಿಚ್ಚಿದ್ದೇನೆ, ಪ್ಲಾಸ್ಟಿಕ್ ಕಂದಾಗಿ ಬಾಗಿತ್ತು. ಬಿಸಿ ಮಾಡುವ ಯಾವುದಕ್ಕೇ ಆದರೂ 16 ಆಂಪಿಯರಿನದು ಬೇಕು.

ಈಗ ತಂದದ್ದನ್ನು ಎಸೆಯಬೇಡಿ. ನಿಮ್ಮಲ್ಲಿ ಇಡ್ಲಿ ದೋಸೆಗೆ ರುಬ್ಬುವ ಟೇಬಲ್ ಟಾಪ್ ಗ್ರೈಂಡರ್ ಇದ್ದರೆ ಅದಕ್ಕೆ ಹಾಕಿ. ಅದು 150 ವಾಟ್, ಸಾದಾ ಸ್ವಿಚ್. ಉದ್ದು ಹಾಕಿ ಮೊದಲ ಹತ್ತು ನಿಮಿಷ ಎದುರಿಗೇ ನಿಂತು ನೀರು ಚಿಮುಕಿಸಿ, ಬದಿಗೆ ಹತ್ತಿದ್ದನ್ನು ತಳ್ಳಿ. ಆಮೇಲೆ ಇಪ್ಪತ್ತು ನಿಮಿಷಕ್ಕೆ ನಿಲ್ಲಲಿ ಅಂತ ಹೇಳಿ ಬಟ್ಟೆ ಒಣಗಿಸಲು ಹೋಗಬಹುದು. ನಾನು ಹೀಗೇ ಮಾಡುತ್ತೇನೆ, ಹಿಟ್ಟು ಬಿಸಿಯಾಗುವುದಿಲ್ಲ. ಆದರೆ ಮಿಕ್ಸಿಗೆ ಯಾವ ಕಾರಣಕ್ಕೂ ಹಾಕಬೇಡಿ. ಗುಂಡಿ ಒಂದರಲ್ಲಿ ಇಟ್ಟು ಮರೆತು, ಜಾರಿನಲ್ಲಿ ಕೈ ಹಾಕಿ ಚಟ್ನಿ ತೆಗೆಯುತ್ತಿರುವಾಗ ಪಕ್ಕದ ಕೋಣೆಯಿಂದ ಮಗು ‘ಆನ್’ ಅಂದರೆ? ಬ್ಲೇಡಿಗೆ ಕಣ್ಣಿಲ್ಲ.

ಪ್ರಶ್ನೆ: ಈ ಸ್ಪೀಕರುಗಳಿಗೆ ಕನ್ನಡ ಬರುತ್ತದೆಯೇ? ನಮ್ಮ ತಾಯಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ.
— ಓದುಗರು, ಕಡೂರು

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞಳು. ಮಾರುವವರು ಹೇಳದ ಮಾತು ಇದೇ. ಅಮೆಜಾನಿನ ಸ್ಪೀಕರ್ ನಮ್ಮ ದೇಶಕ್ಕೆ ಬಂದದ್ದು 2017ರಲ್ಲಿ, ಇಂಗ್ಲಿಷಿನಲ್ಲಿ. 2019ರಲ್ಲಿ ಅದಕ್ಕೆ ಹಿಂದಿ ಕಲಿಸಿದರು. ನಮ್ಮ ಮನೆಯದಕ್ಕೆ ಇವೆರಡೇ ಬರುವುದು. ಫೋನಿನಲ್ಲಿ ಕನ್ನಡದಲ್ಲಿ ಹೇಳಿ ಟೈಪ್ ಮಾಡಿಸಬಹುದು, ಹುಡುಕಬಹುದು, ಅದು ಎಷ್ಟೋ ಚೆನ್ನಾಗಿ ಆಗಿದೆ. ಅಡುಗೆ ಕಟ್ಟೆಯ ಮೇಲೆ ಕೂರುವ ನಮ್ಮ ಸ್ಪೀಕರಿಗೆ ಆ ಭಾಗ್ಯ ಬಂದಿಲ್ಲ.

ನಾವು ಸುಮ್ಮನೆ ಬಿಡಲಿಲ್ಲ. ಬಲ್ಬಿಗೆ ‘ಬೆಳಕು’ ಅಂತ ಹೆಸರಿಟ್ಟೆವು. ಅತ್ತೆ ಹತ್ತು ಸಲ ಕರೆದರೆ ಅದು ಬೇರೆ ಬೇರೆ ಇಂಗ್ಲಿಷ್ ಪದ ಅಂತ ತಿಳಿದು ಏನೇನೋ ಹೇಳಿತು. ‘ಒಲೆ ಮನೆ’ ಅಂತ ಇಟ್ಟರೂ ಆಗಲಿಲ್ಲ. ಕೊನೆಗೆ ಹಿಂದಿಗೆ ಬದಲಿಸಿ ‘ದೀಪ’ ಅಂತ ಇಟ್ಟೆವು, ಹಿಂದಿಯಲ್ಲೂ ಅದೇ ಪದ ಇರುವುದರಿಂದ ಹಿಡಿಯಿತು. ಹಚ್ಚು, ಆರಿಸು ಅನ್ನುವುದಕ್ಕೆ ಆನ್, ಆಫ್ ಸಾಕು. ಅತ್ತೆ ‘ದೀಪ ಆನ್’ ಅನ್ನಲು ಒಂದು ವಾರ ಕಲಿತರು. ಎರಡು ಭಾಷೆಗೂ ಸೇರಿದ ಇಂಥ ಪದ ಹುಡುಕಿ: ದೀಪ, ಪೂಜಾ, ಸಂಧ್ಯಾ. ಆಗುತ್ತದೆ. ಆದರೆ ಎಂಬತ್ತರ ಹತ್ತಿರ ಬಂದವರು ತಮ್ಮ ಅಡುಗೆಮನೆಯಲ್ಲಿ ತಮ್ಮ ಮಾತು ಆಡಲಾಗದೆ ಯಂತ್ರದ ಮಾತು ಕಲಿಯಬೇಕಾದದ್ದು ನೋಡಿ ನನಗೆ ಹೊಟ್ಟೆ ಉರಿಯಿತು.

ನಮ್ಮ ಮಾವ ಅಂಗಡಿ ಕಟ್ಟಿದ್ದು ಸುಮೀತ್ ಮಿಕ್ಸಿ ರಿಪೇರಿಯಿಂದ. ಅದು ಹುಟ್ಟಿದ ಕಥೆಯನ್ನು ಅವರು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅರವತ್ತರ ದಶಕದಲ್ಲಿ ಮಾಧುರಿ ಮಾಥುರ್ ಅನ್ನುವವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ನಮ್ಮ ಅಡುಗೆಯ ಮಸಾಲೆ ಅರೆಯಲು ಹೋಗಿ ಅದು ಸುಟ್ಟುಹೋಯಿತು. ಅವರ ಯಜಮಾನರು ಸತ್ಯಪ್ರಕಾಶ್ ಮಾಥುರ್ ಎಂಜಿನಿಯರ್. ನಮ್ಮ ಉದ್ದು, ನಮ್ಮ ಒಣಮೆಣಸು ತಡೆಯುವ ಮೋಟಾರ್ ತಾವೇ ಮಾಡಲು ಕೂತರು, ಅದು ಸುಮೀತ್ ಆಯಿತು. ಸ್ಪೀಕರಿನಲ್ಲಿ ಈಗ ಬ್ರೌನ್ ಕಾಲ ನಡೆಯುತ್ತಿದೆ. ಕನ್ನಡದ ಎಂಜಿನಿಯರ್ ಮಕ್ಕಳು ಬೆಂಗಳೂರಿನ ತುಂಬ ಇದ್ದಾರೆ. ಈ ಅಂಕಣ ಓದುವವರಲ್ಲೂ ಅವರ ತಾಯಂದಿರು ಇರುತ್ತೀರಿ. ಹಬ್ಬಕ್ಕೆ ಮನೆಗೆ ಬಂದಾಗ ಒಂದು ಮಾತು ಕೇಳಿ ಅವರನ್ನು.

ಅಲ್ಲಿವರೆಗೆ ನಿಮ್ಮ ತಾಯಿಗೆ ಟೈಮರ್ ಸದ್ದು, ದೀಪ, ಇಷ್ಟು ಸಾಕು.

ಪ್ರಶ್ನೆ: ಗ್ಯಾಸ್ ವಾಸನೆ ಬಂದಾಗ ಅಡುಗೆಮನೆಗೆ ಹೋಗದೆ ಹೊರಗಿನಿಂದಲೇ ಹೇಳಿ ಎಕ್ಸಾಸ್ಟ್ ಫ್ಯಾನ್ ಹಾಕಬಹುದಲ್ಲ? ಇದು ಒಳ್ಳೆಯ ಉಪಯೋಗ ಅಂತ ನಮ್ಮವರು ಹೇಳುತ್ತಾರೆ.
— ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಬೇಡವೇ ಬೇಡ. ಬಾಯಲ್ಲಿ ಹೇಳಿದರೂ ಒಳಗೆ ಟಕ್ ಅನ್ನುವುದು ರಿಲೇಯೇ, ಅಲ್ಲಿ ಕಿಡಿ ಹಾರುತ್ತದೆ. ಫ್ಯಾನಿನ ಮೋಟಾರಿನಲ್ಲೂ ಹಾರಬಹುದು. ಕೈಯಲ್ಲಿ ಸ್ವಿಚ್ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹಾಕಿದ್ದ ದೀಪ ಆರಿಸುವುದೂ ಬೇಡ, ಆರಿಸುವಾಗಲೂ ಕಿಡಿ ಬರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು, ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಗೆ ಇರುವ ಸಹಾಯವಾಣಿ.

ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಕೂರುತ್ತದೆ. ಸೋರಿಕೆ ಕಂಡುಹಿಡಿದು ಕೂಗುವ ಅಲಾರಂ ತಂದರೆ ಅದನ್ನು ನೆಲದಿಂದ ಒಂದಡಿ ಒಳಗೆ ಹಾಕಿಸಿ. ಹಲವು ಮನೆಯಲ್ಲಿ ಚೆಂದ ಕಾಣಲಿ ಅಂತ ಚಿಮ್ನಿ ಪಕ್ಕ ಏರಿಸಿದ್ದಾರೆ, ಅಲ್ಲಿಗೆ ಗ್ಯಾಸ್ ಮುಟ್ಟುವ ಹೊತ್ತಿಗೆ ಕೆಳಗೆ ಮಂಡಿಯವರೆಗೆ ತುಂಬಿರುತ್ತದೆ. ಆ ಅಲಾರಮ್ಮಿಗೆ ಹಾಕುವ ದುಡ್ಡು ಸ್ಪೀಕರಿಗಿಂತ ಮೊದಲು.

ಪ್ರಶ್ನೆ: ಮನೆಯಲ್ಲಿ ಆಡುವ ಮಾತೆಲ್ಲ ಆ ಸ್ಪೀಕರ್ ಕೇಳಿಸಿಕೊಳ್ಳುತ್ತದಂತೆ, ನಿಜವೇ? ಕರೆಂಟ್ ಬಿಲ್ ಜಾಸ್ತಿ ಆಗುತ್ತದೆಯೇ?
— ಓದುಗರು, ಮಂಡ್ಯ

ಉತ್ತರ: ಅದರ ಹೆಸರು ಕಿವಿಗೆ ಬೀಳಲಿ ಅಂತ ಮೈಕ್ ಸದಾ ತೆರೆದಿರುತ್ತದೆ. ಹೆಸರು ಕೇಳಿದ ಮೇಲಿನ ಮಾತು ಕಂಪನಿಗೆ ಹೋಗುತ್ತದೆ. ತೊಂದರೆ ಇರುವುದು ಹೆಸರಿನ ಹಾಗೆ ಕೇಳಿಸುವ ಬೇರೆ ಮಾತಿಗೂ ಅದು ಎಚ್ಚರಗೊಳ್ಳುವುದರಲ್ಲಿ. ನಮ್ಮಲ್ಲಿ ಟೀವಿ ಧಾರಾವಾಹಿ ನಡೆಯುವಾಗ ದಿನಕ್ಕೊಮ್ಮೆಯಾದರೂ ಸ್ಪೀಕರಿನ ದೀಪ ಹತ್ತುತ್ತದೆ. ನೆಂಟರು ಬಂದಾಗ, ಮನೆಯ ಲೆಕ್ಕಪತ್ರ, ಮದುವೆ ಮಾತುಕತೆ ಆಡುವಾಗ ಅದರ ಮೇಲಿನ ಮೈಕ್ ಗುಂಡಿ ಒತ್ತಿಬಿಡಿ, ಕೆಂಪು ದೀಪ ಬಂದರೆ ಕಿವಿ ಮುಚ್ಚಿದೆ ಅಂತ. ಅದು ಕೇಳಿಸಿಕೊಂಡದ್ದರ ಪಟ್ಟಿ ಆ್ಯಪಿನಲ್ಲಿ ಸಿಗುತ್ತದೆ, ತಿಂಗಳಿಗೊಮ್ಮೆ ಕೂತು ಅಳಿಸಿ. ನಾನು ಮೊದಲ ಸಲ ಆ ಪಟ್ಟಿ ತೆರೆದಾಗ ಅತ್ತೆ ಒಬ್ಬರೇ ಇದ್ದ ಮಧ್ಯಾಹ್ನ ಹೇಳಿಕೊಂಡ ದೇವರನಾಮದ ಎರಡು ಸಾಲು ಅದರಲ್ಲಿತ್ತು. ಅದನ್ನು ಅಳಿಸಲು ಕೈ ಬರಲಿಲ್ಲ, ಆದರೂ ಅಳಿಸಿದೆ. ಅದು ಇನ್ನೊಬ್ಬರಲ್ಲಿ ಇರಬೇಕಾದ್ದಲ್ಲ.

ಕರೆಂಟಿನ ಮಾತು: ಸ್ಪೀಕರ್ ಸುಮ್ಮನೆ ಇರುವಾಗ 2 ವಾಟ್ ಅಂತ ಇಟ್ಟುಕೊಳ್ಳಿ, ತಿಂಗಳಿಗೆ ಒಂದೂವರೆ ಯೂನಿಟ್ ಒಳಗೆ. ಪ್ಲಗ್ ಒಂದಕ್ಕೆ ಮುಕ್ಕಾಲು ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮಿತಿಯ ಅಂಚಿನಲ್ಲೇ ಇದ್ದೀರಿ ಅಂದರೆ ಮಾತ್ರ ಯೋಚಿಸಿ.

ಪ್ರಶ್ನೆ: ಹೆಂಡತಿಗೆ ಕಳೆದ ವರ್ಷ ಪಾರ್ಶ್ವವಾಯು ಆಯಿತು. ಎಡಗೈ ಏಳುವುದಿಲ್ಲ, ಬಲಗೈ ಸರಿಯಿದೆ. ಮಾತು ಸ್ಪಷ್ಟವಾಗಿದೆ. ನಾನು ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಹೋದರೆ ಸಂಜೆ ಆರಕ್ಕೆ ಬರುವುದು. ‘ನನ್ನ ಅನ್ನ ನಾನೇ ಮಾಡಿಕೊಳ್ಳಬೇಕು’ ಅನ್ನುತ್ತಾಳೆ. ಹಣ ಎಷ್ಟಾದರೂ ಹೊಂದಿಸುತ್ತೇನೆ. ಏನು ತರಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಸಾಗರದವರಿಗೆ ಬೇಡ ಅಂದ ಹಲವನ್ನು ನಿಮಗೆ ತನ್ನಿ ಅನ್ನುತ್ತೇನೆ. ಅವರಿಗೆ ಗುಂಡಿಯವರೆಗೆ ಕೈ ಹೋಗುತ್ತದೆ. ನಿಮ್ಮವರ ಬಲಗೈ ಪಾತ್ರೆ ಹಿಡಿದಿದ್ದರೆ ಗುಂಡಿಗೆ ಇನ್ನೊಂದು ಕೈ ಇಲ್ಲ. ಇಂಥಲ್ಲಿ ಮಾತು ಇನ್ನೊಂದು ಕೈ ಆಗುತ್ತದೆ.

ಅನ್ನಕ್ಕೆ ಸಾದಾ ಎಲೆಕ್ಟ್ರಿಕ್ ರೈಸ್ ಕುಕ್ಕರ್ ತನ್ನಿ, ಕೆಳಗೆ ಒತ್ತುವ ಸನ್ನೆ ಇರುವುದು, ಡಿಜಿಟಲ್ ಬೇಡ. ನೀರು ಇಂಗಿ ತಳದ ಬಿಸಿ ನೂರು ಡಿಗ್ರಿ ದಾಟಿದ ಕೂಡಲೇ ಅದರೊಳಗಿನ ಅಯಸ್ಕಾಂತ ಹಿಡಿತ ಬಿಟ್ಟು ಸನ್ನೆ ತಾನೇ ಮೇಲೆ ಬರುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ, ಸರ್ವರ್ ಬೇಡ. ಬೆಳಿಗ್ಗೆ ನೀವು ಅಕ್ಕಿ ತೊಳೆದು, ನೀರು ಹಾಕಿ, ಸನ್ನೆ ಒತ್ತಿ, ಆಫ್ ಮಾಡಿಟ್ಟ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ ಸಿಕ್ಕಿಸಿ ಹೋಗಿ. ಸನ್ನೆ ಒತ್ತಿದ ಜಾಗದಲ್ಲೇ ಇರುತ್ತದೆ. ಅವರಿಗೆ ಹಸಿವಾಗುವ ಮುಕ್ಕಾಲು ಗಂಟೆ ಮೊದಲು ‘ರೈಸ್ ಆನ್’ ಅಂದರೆ ಸಾಕು. ಬೇಸಿಗೆಯಲ್ಲಿ ಮಾತ್ರ ಅಕ್ಕಿ ಮೂರು ತಾಸಿಗಿಂತ ಹೆಚ್ಚು ನೆನೆಯದ ಹಾಗೆ ನೋಡಿಕೊಳ್ಳಿ, ಹುಳಿ ವಾಸನೆ ಬರುತ್ತದೆ. ಹೊತ್ತು ಹೆಚ್ಚಾಗುತ್ತದೆ ಅಂದರೆ ತೊಳೆದ ಅಕ್ಕಿ ಫ್ರಿಜ್ಜಿನಲ್ಲಿ ಡಬ್ಬಿಯಲ್ಲಿಡಿ, ಬಲಗೈಯಲ್ಲಿ ಸುರಿದುಕೊಳ್ಳುವಷ್ಟು ಹಗುರ ಇರಲಿ.

ಕೆಟಲ್ ಬೇಡ. ಕುದಿಯುವ ನೀರಿನ ಕೆಟಲ್ ಎತ್ತಿ ಬಗ್ಗಿಸಲು ಒಂದು ಕೈ ಸಾಲದು. ಒತ್ತಿದರೆ ಬಿಸಿನೀರು ಲೋಟಕ್ಕೆ ಬೀಳುವ ಪಂಪ್ ಇರುವ ಪಾತ್ರೆ ಸಿಗುತ್ತದೆ, ಅದನ್ನು ಕಟ್ಟೆಗೆ ಅಂಟಿಸಿದ ಹಾಗೆ ಗಟ್ಟಿಯಾಗಿ ಇಡಿ. ಗ್ಯಾಸ್ ಒಲೆ ಅವರೊಬ್ಬರೇ ಇದ್ದಾಗ ಬೇಡ, ರೆಗ್ಯುಲೇಟರ್ ಮುಚ್ಚಿ ಹೋಗಿ.

ದೀಪ, ಫ್ಯಾನ್, ಬಚ್ಚಲ ದೀಪ ಮಾತಿಗೆ ನಡೆಯುವಂತೆ ಮಾಡಿಸಿ. ನಿಮ್ಮ ಹಳೆಯ ಸ್ವಿಚ್ ಅಲ್ಲೇ ಇರಲಿ, ಹಿಂದೆ ಕೂರಿಸುವ ಪುಟ್ಟ ಸಾಮಾನು ಸಿಗುತ್ತದೆ, ತಿಳಿದ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸುತ್ತಾನೆ. ರೂಟರಿಗೆ ಚಿಕ್ಕ ಬ್ಯಾಟರಿ ಬ್ಯಾಕಪ್ ಹಾಕಿ, ಸ್ಪೀಕರಿಗೂ ಇನ್ವರ್ಟರ್ ಲೈನ್ ಕೊಡಿ. ಮತ್ತು ಇದು ತೀರ ಮುಖ್ಯ: ಅವರು ಬಿದ್ದರೆ ನೆಲದಿಂದಲೇ ಹೇಳಿ ನಿಮಗೆ ಕರೆ ಹೋಗುವಂತೆ ಸ್ಪೀಕರಿನ ಆ್ಯಪಿನಲ್ಲಿ ಹೊಂದಿಸಿಡಿ. ಹೊಂದಿಸಿ ಬಿಟ್ಟರೆ ಆಗಲಿಲ್ಲ, ಅಡುಗೆಮನೆ, ಬಚ್ಚಲು, ಮಲಗುವ ಕೋಣೆ ಮೂರೂ ಕಡೆ ನೆಲದ ಮೇಲೆ ಕೂತು, ಮೆಲ್ಲಗೆ ಕರೆದು ನೋಡಿ. ಕೇಳಿಸದ ಕಡೆ ಇನ್ನೊಂದು ಸ್ಪೀಕರ್ ಇಡಿ.

ತರಕಾರಿ ಹೆಚ್ಚಲು ಯಾವ ಯಂತ್ರವೂ ಬೇಡ. ದಪ್ಪ ಹಲಗೆಗೆ ಎರಡು ಸ್ಟೀಲ್ ಮೊಳೆ ಕೆಳಗಿನಿಂದ ಹೊಡೆಸಿ ತುದಿ ಮೇಲೆ ಬರುವ ಹಾಗೆ ಮಾಡಿ. ಬದನೆಕಾಯಿ, ಈರುಳ್ಳಿ ಅದಕ್ಕೆ ಚುಚ್ಚಿ ಇಟ್ಟರೆ ಅಲುಗುವುದಿಲ್ಲ, ಒಂದೇ ಕೈಯಲ್ಲಿ ಹೆಚ್ಚಬಹುದು. ಹಲಗೆಯ ಅಡಿಗೆ ಒದ್ದೆ ಬಟ್ಟೆ ಹಾಸಿ. ಪಾರ್ಶ್ವವಾಯು ಆದ ನನ್ನ ಚಿಕ್ಕಮ್ಮನಿಗೆ ಬಡಗಿಯ ಹತ್ತಿರ ಅಂಥದ್ದೊಂದು ಮಾಡಿಸಿಕೊಟ್ಟಿದ್ದೆ, ಹಲಸಿನ ಹಲಗೆಯದು. ಅಳತೆ ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕಿ, ಬರೆದು ಕಳಿಸುತ್ತೇನೆ.